ಅತ್ತಿಗೆ, ಆ ವಿಟಮಿನ್ ಪಟ್ಟಿ ನೋಡಿದೆ

ಅತ್ತಿಗೆ, ಚಿಕ್ಕಪ್ಪ ಬೆಳಿಗ್ಗೆ ಗ್ರೂಪಿಗೆ ಹಾಕಿದ ವಿಟಮಿನ್ ಪಟ್ಟಿಯನ್ನೂ ಅದರ ಕೆಳಗೆ ನೀವು ಕೇಳಿದ್ದನ್ನೂ ಈಗಷ್ಟೇ ನೋಡಿದೆ. ಮಗನ ಒಸಿಡಿಗೆ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ತೊಳೆದದ್ದನ್ನೇ ತೊಳೆಯುವ, ಎಣಿಸಿದ್ದನ್ನೇ ಎಣಿಸುವ ಕಾಯಿಲೆಗೆ) ಮಾತ್ರೆ ಶುರುಮಾಡಿ ಮೂರು ವಾರ ಆಯಿತು, ಏನೂ ಗುಣ ಕಾಣುತ್ತಿಲ್ಲ, ಅದನ್ನು ಬಿಡಿಸಿ ಇವನ್ನೇ ಕೊಡಲಾ ಅಂತ ಕೇಳಿದ್ದೀರಿ. ಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ. ಉಳಿದದ್ದು ಸ್ವಲ್ಪ ಉದ್ದ ಇದೆ, ಕೆಲಸ ಮಾಡುತ್ತಾ ಕೇಳಿ.

ಮೂರು ವಾರ ಏನೇನೂ ಸಾಲದು ಅತ್ತಿಗೆ. ಸೆರ್ಟ್ರಾಲಿನ್, ಫ್ಲೂಆಕ್ಸೆಟಿನ್ ಥರದ ಮಾತ್ರೆಗಳು ಒಸಿಡಿಯಲ್ಲಿ ಗುಣ ತೋರಿಸಲು 8ರಿಂದ 12 ವಾರ ಹಿಡಿಯುತ್ತವೆ. ಖಿನ್ನತೆಗೆ ಕೊಡುವುದಕ್ಕಿಂತ ಡೋಸೂ ಜಾಸ್ತಿ ಬೇಕಾಗುವುದುಂಟು. ನಡುವೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಸಿಡಿಮಿಡಿ ಎಲ್ಲ ಬರಬಹುದು. ಆಗ ಕಾಯಿಲೆ ಜಾಸ್ತಿ ಆಯಿತು ಅಂತ ನೀವೇ ಗಾಬರಿಯಾಗುತ್ತೀರಿ.

ಇನ್ನು ಪಟ್ಟಿ. ಬಿ12 ಮತ್ತು ವಿಟಮಿನ್ ಡಿ ಕೊರತೆಯಿಂದ ಒಸಿಡಿ ಬರುತ್ತದೆ ಅನ್ನುವ ವಿಷಯ ಪೂರ್ತಿ ಸುಳ್ಳಲ್ಲ. ಒಸಿಡಿ ಇರುವವರಲ್ಲಿ ಇವು ಕಡಿಮೆ ಇರುವುದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಕಡಿಮೆ ಇದ್ದುದರಿಂದಲೇ ಒಸಿಡಿ ಬಂತು ಅನ್ನುವುದು ಹೇಗೆ? ಕೊಳೆಯ ಭಯಕ್ಕೆ ಅರ್ಧ ಊಟ ಬಿಡುವವನಿಗೆ, ಬಿಸಿಲಿಗೇ ಹೋಗದವನಿಗೆ ಇವೆರಡೂ ಇಳಿದರೆ ಆಶ್ಚರ್ಯ ಏನಿಲ್ಲ, ಅಲ್ವಾ? ಬಿ12 ತೀರಾ ಕಡಿಮೆಯಾದರೆ ಸುಸ್ತು, ಮರೆವು, ಮನಸ್ಸಿನ ತೊಂದರೆ ಬರುವುದು ನಿಜ. ಹಾಗಾಗಿ ಒಂದು ರಕ್ತಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ತುಂಬಿಸಿ. ಇಲ್ಲದಿದ್ದರೆ ಸುಮ್ನೆ ಸುರಿಯಬೇಡಿ. ವಾರಕ್ಕೊಂದು ಅಂತ ಬರೆದ ಡಿ ಮಾತ್ರೆಯನ್ನು ದಿನಕ್ಕೊಂದು ನುಂಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸಿಕೊಂಡು ಆಸ್ಪತ್ರೆ ಸೇರಿದವರಿದ್ದಾರೆ. ಬಿ6 ಕೂಡ ಹಾಗೇ, ತುಂಬಾ ದಿನ ಜಾಸ್ತಿ ತೆಗೆದುಕೊಂಡರೆ ಕೈಕಾಲಿನ ನರಕ್ಕೇ ಪೆಟ್ಟು.

ಇನೊಸಿಟಾಲ್ ಅನ್ನುವ, ಸಕ್ಕರೆಯಂಥ ಪುಡಿಯ ಬಗ್ಗೆ ಅಷ್ಟು ಜೋರಾಗಿ ಬರೆದಿದ್ದಾರಲ್ಲ, ಅದರ ಮೂಲ 1996ರ ಒಂದು ಪ್ರಯೋಗ. ಇದ್ದವರು 13 ಜನ. ದಿನಕ್ಕೆ 18 ಗ್ರಾಂ, ಆರು ವಾರ. ಸ್ವಲ್ಪ ಗುಣ ಕಂಡಿತು. ಆಮೇಲೆ ಒಸಿಡಿ ಮಾತ್ರೆಯ ಜೊತೆಗೆ ಕೊಟ್ಟು ನೋಡಿದರೆ ಹೆಚ್ಚಿನ ಲಾಭ ಸಿಗಲಿಲ್ಲ. 18 ಗ್ರಾಂ ಅಂದರೆ ಚಮಚಗಟ್ಟಲೆ ಪುಡಿ, ಹೊಟ್ಟೆ ಕೆಡದೆ ಇರುತ್ತದೆಯೇ? ಪಟ್ಟಿಯಲ್ಲಿರುವ ಎನ್ಎಸಿ (ಎನ್-ಅಸಿಟೈಲ್ ಸಿಸ್ಟೀನ್) ಅನ್ನುವುದು ಮಿದುಳಿನ ಗ್ಲುಟಮೇಟ್ ಎಂಬ ರಾಸಾಯನಿಕ ಹತೋಟಿಗೆ ಬರಲು ನೆರವಾಗಬಹುದು ಅಂತ ಪ್ರಯತ್ನಿಸಿದ್ದು. ಒಂದೆರಡು ಸಣ್ಣ ಪ್ರಯೋಗದಲ್ಲಿ ಚೆನ್ನಾಗಿತ್ತು, ಆಮೇಲಿನ ದೊಡ್ಡದರಲ್ಲಿ ಔಷಧವಿಲ್ಲದ ಸುಳ್ಳು ಮಾತ್ರೆಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಬೇಕಿದ್ದರೆ ಡಾಕ್ಟರನ್ನು ಕೇಳಿ, ನೀವಾಗಿ ತರಬೇಡಿ.

ಪಟ್ಟಿಯ ಕೊನೆಯಲ್ಲಿ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆ, 5-ಎಚ್‌ಟಿಪಿ ಅಂತ ಎರಡಿವೆ ನೋಡಿ. ಅವನ್ನು ಮುಟ್ಟಲೇಬೇಡಿ. ಅವನು ನುಂಗುತ್ತಿರುವ ಮಾತ್ರೆಯ ಜೊತೆ ಸೇರಿದರೆ ಸಿರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಮಿತಿಮೀರಿ ಜ್ವರ, ನಡುಕ, ಗೊಂದಲ ಬರಬಹುದು, ಪ್ರಾಣಕ್ಕೇ ಅಪಾಯ ಆಗಬಹುದು. ಗಿಡಮೂಲಿಕೆ ಅಂತ ಬರೆದ ಮಾತ್ರಕ್ಕೆ ಮೆತ್ತಗೆ ಇರುವುದಿಲ್ಲ.

ಈಗ ನನ್ನದೇ ಕಥೆ. ನಿಮಗೆ ಗೊತ್ತು, ನನಗೂ ಇದೇ ಕಾಯಿಲೆ. ನಾನೂ ಒಮ್ಮೆ ಐದು ಡಬ್ಬಿ ತಂದು ಸಾಲಾಗಿ ಇಟ್ಟಿದ್ದೆ. ಮೊದಲ ವಾರ ಉತ್ಸಾಹ. ಎರಡನೇ ವಾರಕ್ಕೆ ನುಂಗಿದೆನೋ ಇಲ್ಲವೋ ಅಂತ ಅನುಮಾನ. ಡಬ್ಬಿ ಬೋರಲು ಹಾಕಿ ಮಂಚದ ಮೇಲೆ ಎಣಿಸುವುದು. 43. ಮತ್ತೆ ಎಣಿಸಿದರೂ 43. ಆದರೂ 42 ಇರಬಹುದು ಅನ್ನಿಸುವುದು. ಎಣಿಸಿದ ಕೈ ಕೊಳೆ ಅಂತ ತೊಳೆಯುವುದು, ಒದ್ದೆ ಕೈ ತಾಗಿ ಮಾತ್ರೆ ಕೆಟ್ಟಿತೇನೋ ಅಂತ ಹೊಸ ಚಿಂತೆ. ಕಾಯಿಲೆಗೆ ಅಂತ ತಂದದ್ದು ಕಾಯಿಲೆಯ ಹೊಟ್ಟೆಗೇ ಹೋಯಿತು! ಅವನಿಗೆ ಐದು ಡಬ್ಬಿ ಕೊಟ್ಟರೆ ಇದೇ ಆಗುತ್ತದೆ ಅಂತ ನನಗೆ ಭಯ.

ನನಗೆ ನಿಜವಾಗಿ ಗುಣ ಕೊಟ್ಟದ್ದು ಮಾತ್ರೆಯ ಜೊತೆಗೆ ಮಾಡಿಸಿದ, ಭಯವನ್ನು ಎದುರಿಸಿ ತೊಳೆಯುವ-ಎಣಿಸುವ ಚಟವನ್ನು ತಡೆಯಲು ಕಲಿಸುವ ಇಆರ್‌ಪಿ ಥೆರಪಿ. ಬಾಗಿಲ ಹಿಡಿ ಮುಟ್ಟಿಸಿ, ಕೈ ತೊಳೆಯದೆ ಕೂರಿಸುತ್ತಿದ್ದರು. ಮೊದಲ ದಿನ ಅಂಗೈ ಉರಿಯುತ್ತಿದೆ ಅನ್ನಿಸಿತ್ತು. ಮುಕ್ಕಾಲು ಗಂಟೆ ಕಳೆದ ಮೇಲೆ ತಾನಾಗಿ ಇಳಿಯಿತು. ಅವನಿಗೂ ಇದನ್ನು ಮಾಡುವವರು ಸಿಗುತ್ತಾರಾ ಅಂತ ಮುಂದಿನ ಸಲ ಡಾಕ್ಟರ್ ಹತ್ತಿರ ಕೇಳಿ. ಮನೆಯಲ್ಲಿ ಮಾತ್ರ ಒಂದು ಕೆಲಸ ನಿಮ್ಮದು. ಅವನು ಹತ್ತನೇ ಸಲ "ಅಮ್ಮಾ, ಕೈ ಕ್ಲೀನ್ ಆಗಿದೆಯಾ?" ಅಂದಾಗ ಆಗಿದೆ ಅಂತ ಹೇಳುತ್ತಾ ಹೋಗಬೇಡಿ, ಆ ಸಮಾಧಾನ ಎರಡು ನಿಮಿಷಕ್ಕೆ ಮುಗಿದು ಮತ್ತೆ ಕೇಳುತ್ತಾನೆ. ಬೈಯಲೂ ಬೇಡಿ. ಹೇಗೆ ಉತ್ತರಿಸಬೇಕು ಅಂತ ಥೆರಪಿಸ್ಟೇ ಹೇಳಿಕೊಡುತ್ತಾರೆ.

ರಕ್ತಪರೀಕ್ಷೆಯ ರಿಪೋರ್ಟ್ ಬಂದರೆ ನನಗೆ ಪ್ರತ್ಯೇಕ ಕಳಿಸಿ ಅತ್ತಿಗೆ, ಗ್ರೂಪಿಗೆ ಬೇಡ. ಚಿಕ್ಕಪ್ಪ ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪಟ್ಟಿಯಿಂದಲೇ ಈ ಮಾತು ಬಂತು.