ಮಾಕಳಿ ಬೇರಿನ ಎಣ್ಣೆಯಲ್ಲಿ ಏನಿದೆ? ಭಾನುವಾರದ ಪ್ರಶ್ನೋತ್ತರ

ನಿರ್ವಾಹಕ: ಸುಗಂಧ ತೈಲಗಳ ರಸಾಯನದಲ್ಲಿ ಕೆಲಸ ಮಾಡಿ ನಿವೃತ್ತರಾದ ಮೇಡಂ ಇಂದು ಒಂದು ಗಂಟೆ ನಮ್ಮೊಂದಿಗಿದ್ದಾರೆ. ವಿಷಯ: ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ತಾನಾಗಿ ಬೆಳೆಯದ ಮಾಕಳಿ ಬೇರು. ದಯವಿಟ್ಟು ಬೆಲೆ ಕೇಳಬೇಡಿ.

ಕನಕಪುರದ ಸದಸ್ಯ: ನಮಸ್ಕಾರ ಮೇಡಂ. ಎಣ್ಣೆ ಲೀಟರಿಗೆ ಎಷ್ಟಾಗುತ್ತದೆ?

ಮೇಡಂ: ನಮಸ್ಕಾರ. ಮೇಲಿನ ಸಾಲು ಓದಿ.

ಕೊಳ್ಳೇಗಾಲದ ರೈತ: ಮೇಡಂ, ಬದುವಿನಲ್ಲಿ ನಾವೇ ನೆಟ್ಟ ಬಳ್ಳಿಯ ಬೇರನ್ನು ಜಜ್ಜಿ ಹಬೆಯಲ್ಲಿ ಬಟ್ಟಿ ಇಳಿಸಿದೆವು. ತಣ್ಣೀರಿನ ಕೊಳವೆಯೊಳಗೆ ಬಿಳಿ ಹರಳು ಕಟ್ಟಿ ದಾರಿಯೇ ಮುಚ್ಚಿಹೋಯಿತು. ಕೊಳ್ಳಲು ಬಂದವರು ಮೂಸಿ ನೋಡಿ, ವೆನಿಲಾ ಪುಡಿ ಬೆರೆಸಿದ್ದೀರಿ ಎಂದು ಎದ್ದು ಹೋದರು.

ಮೇಡಂ: ಆ ಹರಳೇ ನಿಮ್ಮ ಎಣ್ಣೆ, ಚೆಲ್ಲಬೇಡಿ. ಅದು 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ಕರಗುವುದು 41–43 ಡಿಗ್ರಿಯಲ್ಲಿ; ಅದಕ್ಕಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ವೆನಿಲಾಕ್ಕೆ ಪರಿಮಳ ಕೊಡುವುದು ವೆನಿಲಿನ್. ವೆನಿಲಿನ್‌ನಲ್ಲಿಯೂ ಇಷ್ಟೇ ಪರಮಾಣುಗಳಿವೆ: ಎಂಟು ಇಂಗಾಲ, ಎಂಟು ಜಲಜನಕ, ಮೂರು ಆಮ್ಲಜನಕ. ಇಂಗಾಲದ ಉಂಗುರದ ಮೇಲೆ ಅವು ಕುಳಿತ ಜಾಗ ಮಾತ್ರ ಬೇರೆ. ಮೂಗಿಗೆ ಗೊತ್ತಾಗದ ಈ ವ್ಯತ್ಯಾಸ ಹಬೆಗೆ ಗೊತ್ತಾಗುತ್ತದೆ. ಮಾಕಳಿಯ ಅಣುವಿನಲ್ಲಿ ಹೈಡ್ರಾಕ್ಸಿಲ್, ಆಲ್ಡಿಹೈಡ್ ಎಂಬ ಎರಡು ಪರಮಾಣು ಗುಂಪುಗಳು ಅಕ್ಕಪಕ್ಕದಲ್ಲೇ ಇವೆ. ಎರಡೂ ಒಂದನ್ನೊಂದು ಹಿಡಿದುಕೊಂಡಿರುವುದರಿಂದ ನೀರಿಗೆ ಹೆಚ್ಚು ಅಂಟಿಕೊಳ್ಳದೆ ಹಬೆಯೊಡನೆ ಏರಿಬರುತ್ತದೆ. ವೆನಿಲಿನ್‌ನಲ್ಲಿ ಅವು ಎದುರುಬದುರು; ಅದರ ಬಹುಪಾಲು ಹಂಡೆಯಲ್ಲೇ ಉಳಿಯುತ್ತದೆ. ನನಗೆ ಈ ಬೇರಿನ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕಾರಣಕ್ಕೆ.

ಚಿಟಿಕೆ ಹರಳನ್ನು ಗಾಜಿನ ನಳಿಕೆಗೆ ಹಾಕಿ 50 ಡಿಗ್ರಿಯ ನೀರಿನಲ್ಲಿ ಅದ್ದಿ. ಕರಗಿದರೆ ಅದು ವೆನಿಲಿನ್ ಪುಡಿಯಲ್ಲ. ವೆನಿಲಿನ್ ಕರಗಲು 81 ದಾಟಬೇಕು. ಸ್ವಲ್ಪವೇ ಬೆರೆತಿದ್ದರೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳದು, ಅದಕ್ಕೆ ಎಣ್ಣೆಯ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ಬೇಕು. ಇನ್ನೊಂದು ಮಾತು: ಕೊಳವೆಯ ಸುತ್ತ ಹರಿಸುವ ನೀರು ಉಗುರುಬೆಚ್ಚಗಿಂತ ತುಸು ಹೆಚ್ಚು ಬಿಸಿಯಿರಲಿ. ಕೊಳವೆ ಮುಚ್ಚಿರುವಾಗ ಒಲೆ ಉರಿಸಿದರೆ ಹಂಡೆ ಸಿಡಿಯುತ್ತದೆ.

ತುಮಕೂರಿನ ಸದಸ್ಯ: ಇದು ನನ್ನಾರಿಯೇ ಅಲ್ಲವೇ? ಶರಬತ್ತು ಮಾಡುತ್ತಾರೆ.

ಚಾಮರಾಜನಗರದ ಸದಸ್ಯ: ಅಲ್ಲ ಸ್ವಾಮಿ. ನನ್ನಾರಿ ಎಂದರೆ ಸೊಗದೆ ಬೇರು, ದಾರದಂತೆ ತೆಳ್ಳಗಿರುತ್ತದೆ. ಮಾಕಳಿ ಬೆರಳು ದಪ್ಪದ ಬೇರು. ನಡುವಿನ ಕಡ್ಡಿ ತೆಗೆದು ಮಜ್ಜಿಗೆಯಲ್ಲಿ ಉಪ್ಪಿನಕಾಯಿ ಹಾಕುತ್ತೇವೆ.

ತುಮಕೂರಿನ ಸದಸ್ಯ: ನಮ್ಮ ಅಜ್ಜಿ ನನ್ನಾರಿ ಎಂದೇ ಕರೆಯುತ್ತಿದ್ದರು.

ಶಿರಸಿಯ ಸದಸ್ಯೆ: ಮೇಡಂ, ಅಪ್ಪೆಮಿಡಿಯ ಸೊನೆಗೆ ಆ ಪರಿಮಳ ಯಾವುದರಿಂದ?

ಮೈಸೂರಿನ ವಿದ್ಯಾರ್ಥಿನಿ: ಮೇಡಂ, ಬೇರಿನ ಎಣ್ಣೆಯಲ್ಲಿ ಆ ಹರಳಿನ ಆಲ್ಡಿಹೈಡ್ ಒಂದು ಪ್ರಬಂಧದಲ್ಲಿ ಶೇ 96, ಇನ್ನೊಂದರಲ್ಲಿ ಶೇ 37. ಯಾವುದನ್ನು ಬರೆಯಲಿ?

ಮೇಡಂ: ಎರಡನ್ನೂ, ವರ್ಷದೊಂದಿಗೆ. 2002ರ ವಿಶ್ಲೇಷಣೆಯಲ್ಲಿ ಶೇ 37, ಜೊತೆಗೆ ಸ್ಯಾಲಿಸಿಲಾಲ್ಡಿಹೈಡ್ ಎಂಬ ದ್ರವ ಶೇ 31. ಶೇ 96 ಬಂದದ್ದು 2001ರದರಲ್ಲಿ. ಬೇರಿನ ವಯಸ್ಸು, ನೆಲ, ಒಣಗಿಸಿದ ಬಗೆ, ಎಷ್ಟು ಹೊತ್ತು ಹಬೆ ಕೊಟ್ಟರು, ಎಲ್ಲವನ್ನೂ ನೋಡಿ.

ಹಾಸನದ ಸದಸ್ಯೆ: ಮೇಡಂ, ಅಮ್ಮನಿಗೆ 68 ವರ್ಷ. "ಐದು ಹನಿ ಮಾಕಳಿ ಎಣ್ಣೆ, ಸಕ್ಕರೆ ಕಾಯಿಲೆ ಮಾಯ" ಎಂಬ ವಾಟ್ಸ್‌ಆ್ಯಪ್ ಸಂದೇಶ ನೋಡಿ ದಿನಾ ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗೆ ಹಾಕಿ ಕುಡಿಯುತ್ತಿದ್ದಾರೆ. ನಾಲ್ಕು ದಿನದಿಂದ ಎದೆಯುರಿ.

ಮೇಡಂ: ಇಂದೇ ನಿಲ್ಲಿಸಿ. ಉಪ್ಪಿನಕಾಯಿಯ ಒಂದು ಹೋಳಿನಲ್ಲಿ ಈ ಎಣ್ಣೆ ಇರುವುದು ಲವಲೇಶ. ಐದು ಹನಿ ಎಂದರೆ ಎಷ್ಟೋ ಬೇರುಗಳ ಸಾರ. ಅದು ನೀರಿನಲ್ಲಿ ಬೆರೆಯುವುದಿಲ್ಲ, ಹನಿಯಾಗಿಯೇ ಗಂಟಲಿಗೆ ತಗಲುತ್ತದೆ. ಸಕ್ಕರೆಯ ಮಾತ್ರೆ ಬಿಟ್ಟಿದ್ದಾರೆಯೇ? ಬಿಟ್ಟಿದ್ದರೆ ಅದು ಎದೆಯುರಿಗಿಂತ ದೊಡ್ಡ ಆತಂಕ. ನಾನು ವೈದ್ಯೆಯಲ್ಲ. ಬಾಟಲಿಯ ಸಮೇತ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಕನಕಪುರದ ಸದಸ್ಯ: ನೈಸರ್ಗಿಕ ವಸ್ತುವಿಗೆ ಇಷ್ಟು ಹೆದರಿಸಬೇಕೇ? ಕೂದಲಿಗೆ ಹಚ್ಚುವ ವಿಧಾನವೂ ನನ್ನ ಬಳಿ ಇದೆ, ಕಳುಹಿಸುತ್ತೇನೆ.

ಮೇಡಂ: ಕಳುಹಿಸಬೇಡಿ. ಉಮ್ಮತ್ತಿಯೂ ನೈಸರ್ಗಿಕವೇ.

ತುಮಕೂರಿನ ಸದಸ್ಯ: ನನ್ನಾರಿಯ ವಿಷಯ ಇತ್ಯರ್ಥವಾಗಲಿಲ್ಲ.

ಚಾಮರಾಜನಗರದ ಸದಸ್ಯ: ಆಗಿದೆ, ನಿಮಗೆ ಮಾತ್ರ ಆಗಿಲ್ಲ. ಹೆಸರು ಗೊತ್ತಿಲ್ಲದವರೇ ಬುಡಸಮೇತ ಅಗೆದು ಗುಡ್ಡ ಬೋಳು ಮಾಡಿರುವುದು.

ತುಮಕೂರಿನ ಸದಸ್ಯ: ನಾನು ಅಗೆದದ್ದನ್ನು ನೀವು ನೋಡಿದ್ದೀರಾ?

ಮೇಡಂ: ಗಿಡ ಬೇರೆ ಬೇರೆ, ಆಲ್ಡಿಹೈಡ್ ಎರಡರಲ್ಲೂ ಇದೆ. ಆಂಧ್ರದ ಕಡೆ ಮಾಕಳಿಯ ಶರಬತ್ತನ್ನೂ ನನ್ನಾರಿ ಎನ್ನುತ್ತಾರೆ. ಅಜ್ಜಿಯೂ ಸರಿ, ಇವರೂ ಸರಿ. ಸಾಕು.

ರಾಮನಗರದ ಸದಸ್ಯ: ಎಣ್ಣೆ ಎಲ್ಲಿ ಸಿಗುತ್ತದೆ? ಬೆಲೆ?

ಶಿರಸಿಯ ಸದಸ್ಯೆ: ಅಪ್ಪೆಮಿಡಿಯ ಬಗ್ಗೆ ಕೇಳಿದ್ದೆ.

ಹಾಸನದ ಸದಸ್ಯೆ: ಮೇಡಂ, ಮಾತ್ರೆ ಬಿಟ್ಟಿಲ್ಲವಂತೆ. ಬಾಟಲಿ ಕಿತ್ತುಕೊಂಡದ್ದಕ್ಕೆ ಅಮ್ಮ ಮಾತು ಬಿಟ್ಟಿದ್ದಾರೆ. ನೀವು ಹೇಳಿದ ಹರಳು ಇದರಲ್ಲಿ ಇಲ್ಲ. ಫ್ರಿಜ್‌ನಲ್ಲಿಟ್ಟರೂ ನೀರಿನಂತೆಯೇ ಇದೆ.

ಮೇಡಂ: ಹಾಗಾದರೆ ಸ್ಯಾಲಿಸಿಲಾಲ್ಡಿಹೈಡ್ ಹೆಚ್ಚಿರಬೇಕು, ಇಲ್ಲವೇ ಮಾರಿದವರು ಬೇರಾವುದೋ ದ್ರವ ಬೆರೆಸಿದ್ದಾರೆ. ನೋಡದೆ ಹೇಳಲಾರೆ. ವೈದ್ಯರಿಗೆ ಈ ಮಾತನ್ನೂ ತಿಳಿಸಿ. ನಾಳೆಯವರೆಗೆ ಕಾಯಬೇಡಿ.