ಸ್ಟ್ರೋಕ್ ಆದ ನಾಯಿಗೆ ಎಪಿಟಿಟಿ ಎರಡು ಪಟ್ಟು: ಕ್ಲೋಪಿಡೊಗ್ರೆಲ್ ಕೊಡಬಹುದೇ?

ಪ್ರಶ್ನೆ
9 ವರ್ಷದ ಲ್ಯಾಬ್ರಡಾರ್, 30 ಕೆ.ಜಿ. ಇದ್ದಕ್ಕಿದ್ದಂತೆ ತಲೆ ವಾಲಿಸಿ ತೂರಾಡತೊಡಗಿತು. ಎಂಆರ್‌ಐನಲ್ಲಿ ಕಿರುಮೆದುಳಿನ ಬಲಭಾಗದಲ್ಲಿ ಇನ್‌ಫಾರ್ಕ್ಟ್ (ರಕ್ತ ಸಿಗದೆ ಸತ್ತ ಭಾಗ), ರಕ್ತಸ್ರಾವ ಇಲ್ಲ. ಆದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಎರಡು ಪರೀಕ್ಷೆಗಳಲ್ಲಿ ಎಪಿಟಿಟಿ ಎರಡು ಪಟ್ಟು, ಪಿಟಿ ಸ್ವಲ್ಪ ಜಾಸ್ತಿ, ಪ್ಲೇಟ್‌ಲೆಟ್ 1.1 ಲಕ್ಷ. ನೀಲಿ ಮುಚ್ಚಳದ 2.7 ಮಿ.ಲೀ. ಟ್ಯೂಬಿಗೆ ಸುಮಾರು 1.5 ಮಿ.ಲೀ. ರಕ್ತವಷ್ಟೇ ಸಿಕ್ಕಿತ್ತು. ಮನುಷ್ಯರ ಲ್ಯಾಬಿಗೆ ಕಳಿಸಿದ್ದು. ಕ್ಲೋಪಿಡೊಗ್ರೆಲ್ (ಪ್ಲೇಟ್‌ಲೆಟ್ ಅಂಟಿಕೊಳ್ಳದಂತೆ ತಡೆಯುವ ಔಷಧಿ) ಶುರು ಮಾಡಲೋ ಬೇಡವೋ?

ಉತ್ತರ 1
ಡಾಕ್ಟ್ರೇ, ಆ ಎಪಿಟಿಟಿ ನಂಬಬೇಡಿ. ಟ್ಯೂಬಿನಲ್ಲಿರುವ 0.3 ಮಿ.ಲೀ. ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ಹಾಕುವ ದ್ರವ) 2.7 ಮಿ.ಲೀ. ರಕ್ತಕ್ಕೆ ಲೆಕ್ಕ, ಅಂದರೆ 1ಕ್ಕೆ 9. ನಿಮ್ಮದು 1ಕ್ಕೆ 5 ಆಗಿದೆ. ಮಿಕ್ಕ ಸಿಟ್ರೇಟು ಲ್ಯಾಬಿನವರು ಹಾಕುವ ಕ್ಯಾಲ್ಸಿಯಂ ಅನ್ನೇ ಹಿಡಿದಿಟ್ಟುಕೊಳ್ಳುತ್ತೆ, ಸಮಯ ಸುಳ್ಳೇ ಉದ್ದವಾಗುತ್ತೆ.

ಮತ್ತೆ ರಕ್ತ ತೆಗೆಯಿರಿ, ಕುತ್ತಿಗೆಯಿಂದ ಮಾತ್ರ ಬೇಡ. ಕುತ್ತಿಗೆಯ ಜುಗುಲರ್ ರಕ್ತನಾಳ ಒತ್ತಿದರೆ ತಲೆಬುರುಡೆಯೊಳಗಿನ ಒತ್ತಡ ಏರುತ್ತೆ. ಹಿಂಗಾಲಿನ ಸಫೀನಸ್ ರಕ್ತನಾಳ ಸಾಕು. ಒಂದೇ ಚುಚ್ಚಿಗೆ ಸಿಗಬೇಕು. ಸೂಜಿ ಒಳಗೇ ತಡಕಾಡಿದರೆ ಅಂಗಾಂಶದ ರಸ ಸೇರಿ ಟ್ಯೂಬಿನಲ್ಲೇ ಹೆಪ್ಪುಗಟ್ಟಲು ಶುರುವಾಗುತ್ತೆ. ಹೆಪಾರಿನ್ ಹಾಕಿದ ಕ್ಯಾತಿಟರ್‌ನಿಂದ ಎಳೆಯಬೇಡಿ. ಮೊದಲು ಸಿಟ್ರೇಟ್ ಟ್ಯೂಬು, ಆಮೇಲೆ ರಕ್ತಕಣ ಎಣಿಕೆಯ ಇಡಿಟಿಎ ಟ್ಯೂಬು. ಗೆರೆ ಮುಟ್ಟುವಷ್ಟು ತುಂಬಿಸಿ, ಮೆಲ್ಲಗೆ ಐದಾರು ಸಲ ತಲೆಕೆಳಗು ಮಾಡಿ. ಕಡ್ಡಿ ಆಡಿಸಿ ನೋಡಿದಾಗ ಸಣ್ಣ ಎಳೆ ಸಿಕ್ಕರೂ ಆ ಟ್ಯೂಬು ಎಸೆಯಿರಿ. ಒಂದು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ ಪ್ಲಾಸ್ಮಾವನ್ನು ಪ್ಲಾಸ್ಟಿಕ್ ಟ್ಯೂಬಿಗೆ ಹಾಕಿ, ಗಾಜು ಬೇಡ. ಅಂದೇ ಪರೀಕ್ಷೆ ಆಗದಿದ್ದರೆ ಫ್ರೀಜ್ ಮಾಡಿ.

ಮನುಷ್ಯರ ಮಿತಿಗಳಾಗಲಿ ಐಎನ್‌ಆರ್ (ಪಿಟಿಯಿಂದ ಲೆಕ್ಕ ಹಾಕುವ ಅನುಪಾತ) ಆಗಲಿ ನಾಯಿಗೆ ಹೊಂದಲ್ಲ. ಆರೋಗ್ಯವಾಗಿರುವ ಇನ್ನೊಂದು ನಾಯಿಯ ಮಾದರಿಯನ್ನೂ ಜೊತೆಗೆ ಕಳಿಸಿ, ಅದರೊಂದಿಗೆ ಹೋಲಿಸಿ. ಇಡಿಟಿಎ ರಕ್ತದ ಸ್ಲೈಡಿನ ಬಾಲದ ಅಂಚಿನಲ್ಲಿ ಪ್ಲೇಟ್‌ಲೆಟ್ ಗುಂಪುಗಟ್ಟಿದ್ದರೆ 1.1 ಲಕ್ಷವೂ ಸುಳ್ಳೇ. ಗುಂಪಿಲ್ಲದಿದ್ದರೆ ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ನೋಡಿ. ಮರುಪರೀಕ್ಷೆಯಲ್ಲೂ ಪಿಟಿ ಉದ್ದವಾಗೇ ಇದ್ದರೆ ಇಲಿ ಪಾಷಾಣ ತಿಂದಿದೆಯೇ ಎಂದು ಮನೆಯವರನ್ನು ಕೇಳಿ; ಅದರಲ್ಲಿ ಮೊದಲು ಖಾಲಿಯಾಗುವುದು ಫ್ಯಾಕ್ಟರ್ 7, ಪಿಟಿ ಅಳೆಯುವ ಹೆಪ್ಪುಗಟ್ಟಿಸುವ ಪ್ರೋಟೀನ್.

ಉತ್ತರ 2
ಮೇಲಿನದಕ್ಕೆ ಒಂದು ಮಾತು ಸೇರಿಸ್ತೀನಿ. ಪಿಟಿ, ಎಪಿಟಿಟಿ ಹೇಳುವುದು ರಕ್ತ ಸೋರುವ ಸ್ವಭಾವವನ್ನು. ಅತಿಯಾಗಿ ಹೆಪ್ಪುಗಟ್ಟುವುದನ್ನು ಅವು ಹೇಳಲ್ಲ, ನಾರ್ಮಲ್ ಬಂದರೂ ಇನ್‌ಫಾರ್ಕ್ಟಿನ ಕಾರಣ ಸಿಕ್ಕಿದಂತಲ್ಲ. ಟಿಇಜಿ (ಹೆಪ್ಪು ಹೇಗೆ ಕಟ್ಟಿ ಗಟ್ಟಿಯಾಗುತ್ತದೆಂದು ತೋರಿಸುವ ಪರೀಕ್ಷೆ) ಸಿಗುವಂತಿದ್ದರೆ ಮಾಡಿಸಿ: ಸಿಟ್ರೇಟ್ ರಕ್ತವನ್ನು 30 ನಿಮಿಷ ಕೋಣೆಯ ಉಷ್ಣಾಂಶದಲ್ಲಿಟ್ಟು ಓಡಿಸಬೇಕು, ಎಂಎ, ಅಂದರೆ ಹೆಪ್ಪಿನ ಗರಿಷ್ಠ ಗಟ್ಟಿತನ, ಏರಿದೆಯೇ ನೋಡಬೇಕು. ರಕ್ತಹೀನತೆ ಇದ್ದರೆ ಎಂಎ ಹಾಗೆಯೇ ಏರಿದಂತೆ ಕಾಣುತ್ತೆ, ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) ಪಕ್ಕದಲ್ಲಿಟ್ಟುಕೊಂಡೇ ಓದಿ. ಅದಕ್ಕಿಂತ ಮೊದಲು ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ, ಬಿಪಿ, ಕುಶಿಂಗ್ (ಕಾರ್ಟಿಸೋಲ್ ಹೆಚ್ಚಾಗುವ ಕಾಯಿಲೆ) ಪರೀಕ್ಷೆ.

ಪ್ರಶ್ನೆ ಕೇಳಿದವರು
ಹೊಸ ಮಾದರಿಯಲ್ಲಿ ಪಿಟಿ, ಎಪಿಟಿಟಿ ಎರಡೂ ಜೊತೆಗಿನ ನಾಯಿಯಷ್ಟೇ ಬಂದಿವೆ. ಸ್ಲೈಡಿನಲ್ಲಿ ಗುಂಪುಗಳಿದ್ದವು, ಬಿಡಿ ಪ್ಲೇಟ್‌ಲೆಟ್ ಸಾಕಷ್ಟಿವೆ. ಮೂತ್ರದ ಅನುಪಾತ 3.4, ಆಲ್ಬುಮಿನ್ 2.1. ಸೋಂಕಿಲ್ಲ.

ಉತ್ತರ 2
ಮೂತ್ರದಲ್ಲಿ ಪ್ರೋಟೀನ್ ಜಾಸ್ತಿ, ರಕ್ತದಲ್ಲಿ ಆಲ್ಬುಮಿನ್ ಕಮ್ಮಿ. ಹಾಗಾದರೆ ಇನ್‌ಫಾರ್ಕ್ಟ್ ಕಿಡ್ನಿ ಕಡೆಯಿಂದಲೇ ಬಂದಿರಬೇಕು. ಆಲ್ಬುಮಿನ್ ಜೊತೆ ಹೆಚ್ಚುಕಮ್ಮಿ ಅಷ್ಟೇ ಗಾತ್ರದ ಆಂಟಿಥ್ರಾಂಬಿನ್ (ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್) ಕೂಡ ಮೂತ್ರದಲ್ಲಿ ಸೋರಿಹೋಗುತ್ತೆ. ಕ್ಲೋಪಿಡೊಗ್ರೆಲ್ ಕೊಡಬಹುದು: 75 ಮಿ.ಗ್ರಾಂ. ಮಾತ್ರೆ ದಿನಕ್ಕೊಂದು ಕೊಟ್ಟರೆ ಕೆ.ಜಿ.ಗೆ 2.5 ಮಿ.ಗ್ರಾಂ. ಆಯಿತು, ಮಿತಿಯೊಳಗೇ ಇದೆ. ಬಿಪಿ ಇನ್ನೂ ಬರೆದಿಲ್ಲ ನೀವು. ಬಿಪಿ ಅಳೆಯುವ ಪಟ್ಟಿಯ ಅಗಲ ಕಾಲಿನ ಸುತ್ತಳತೆಯ ಶೇ. 40 ಇರಲಿ, ಮೊದಲ ಓದು ಬಿಟ್ಟು ಮುಂದಿನ ಐದಾರರ ಸರಾಸರಿ ತೆಗೆಯಿರಿ. 180 ದಾಟಿದ್ದರೆ ಅದನ್ನು ಇಂದೇ ಇಳಿಸಲು ಶುರು ಮಾಡಬೇಕು.