ಅಪ್‌ಡೇಟ್: ರಾತ್ರಿ 12 ಆದರೂ ಮಲಗದ ಮಗ, ಆರು ವಾರಗಳ ನಂತರ

ಎಡಿಎಚ್‌ಡಿ (ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ) ಇರುವ ನನ್ನ 8 ವರ್ಷದ ಮಗನಿಗೆ ನಡುರಾತ್ರಿಯಾದರೂ ನಿದ್ರೆ ಹತ್ತುವುದಿಲ್ಲ, ನಿದ್ರೆಗೆ ನೆರವಾಗುವ ಹಾರ್ಮೋನ್ ಮೆಲಟೋನಿನ್ ಕೊಡಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಅದನ್ನು ಇನ್ನೂ ಕೊಟ್ಟಿಲ್ಲ, ಕೊಡುವ ಪ್ರಮೇಯ ಬರಲಿಲ್ಲ.

ವೈದ್ಯೆ ಮೊದಲು ವಿಚಾರಿಸಿದ್ದು ಅವನ ಎಡಿಎಚ್‌ಡಿ ಮಾತ್ರೆ ಮೀಥೈಲ್‌ಫೆನಿಡೇಟ್ ಕೊಡುವ ಹೊತ್ತನ್ನು; ತಡವಾಗಿ ಕೊಟ್ಟರೆ ಅದು ನಿದ್ರೆ ಕೆಡಿಸಬಹುದಂತೆ. ಮೀಥೈಲ್‌ಫೆನಿಡೇಟ್‌ನ ಎರಡನೆಯ ಡೋಸನ್ನು ನಾನು ಸಂಜೆ 5ಕ್ಕೆ ಕೊಡುತ್ತಿದ್ದೆ, ಹೋಂವರ್ಕ್ ಮುಗಿಯಲಿ ಎಂಬ ದುರಾಸೆಯಿಂದ. ಈಗ ಅವರು ಹೇಳಿದಂತೆ ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯಲ್ಲೇ ನುಂಗುತ್ತಾನೆ. ಹೋಂವರ್ಕ್ ಅರ್ಧಕ್ಕೇ ನಿಲ್ಲುತ್ತದೆ. ನಿಲ್ಲಲಿ.

ಇನ್ನೊಂದು ಕಾರಣವನ್ನು ನಾನು ಊಹಿಸಿಯೇ ಇರಲಿಲ್ಲ. ಹಾಸಿಗೆಯಲ್ಲಿ ಅವನು ಕಾಲು ಒದರುತ್ತಿದ್ದ, ಒಂದು ಪಾದದಿಂದ ಇನ್ನೊಂದನ್ನು ಉಜ್ಜುತ್ತಿದ್ದ. “ಅಮ್ಮಾ, ಕಾಲೊಳಗೆ ಇರುವೆ ಹರಿಯುತ್ತಿದೆ” ಎನ್ನುತ್ತಿದ್ದ. ಮಲಗದಿರಲು ನೆಪವೆಂದು ಗದರಿದ್ದೆ. ಈಗ ನೆನೆದರೆ ಹೊಟ್ಟೆ ಚುರುಕ್ ಎನ್ನುತ್ತದೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಮಾತ್ರ ಕಡಿಮೆ, 14. ದೇಹದಲ್ಲಿ ಕಬ್ಬಿಣದ ದಾಸ್ತಾನು ಕಡಿಮೆಯಾದರೆ ಕಾಲುಗಳಿಗೆ ಹೀಗೆ ಚಡಪಡಿಕೆ ಬರಬಹುದಂತೆ. ಕಬ್ಬಿಣದ ಸಿರಪ್ ಶುರುವಾಗಿದೆ. ಹಾಲಿನ ಜೊತೆ ಕೊಡಬಾರದು, ನಿಂಬೆ ಪಾನಕವಾದರೆ ಒಳ್ಳೆಯದು ಎಂದರು. 3 ತಿಂಗಳಿಗೆ ಮತ್ತೆ ಪರೀಕ್ಷೆ.

ಭಾನುವಾರವೂ 6.30ಕ್ಕೇ ಎಬ್ಬಿಸುತ್ತೇವೆ. ಮೊಬೈಲ್ 8ಕ್ಕೆ ಬೀರುವಿನೊಳಗೆ ಹೋಗುತ್ತದೆ. ಅತ್ತೆಯವರ ಧಾರಾವಾಹಿಯ ಸದ್ದು ಇಳಿಸುವುದೇ ಇದೆಲ್ಲಕ್ಕಿಂತ ಕಷ್ಟವಾಯಿತು!

ಈಗ ಹೆಚ್ಚಿನ ದಿನ 9.45ಕ್ಕೆ ನಿದ್ರೆ ಹತ್ತುತ್ತದೆ, ವಾರದಲ್ಲಿ ಒಂದೆರಡು ದಿನ 11 ಆಗುವುದೂ ಉಂಟು. ಮೊನ್ನೆ ಕಥೆಯ ನಡುವೆಯೇ ಮಾತು ನಿಂತಿತು. ನೋಡಿದರೆ ನನ್ನ ಸೆರಗು ಹಿಡಿದುಕೊಂಡೇ ಮಲಗಿಬಿಟ್ಟಿದ್ದ.